ಕಾಣಿಸಲ್ಲ, ಆದರೆ ಎಂಟು ಅಂಕಣ ಹಿಡೀತೀನಿ

ಕೀಬೋರ್ಡಿನ ಎಡ ಅಂಚಿನಲ್ಲಿ, ಕ್ಯಾಪ್ಸ್ ಲಾಕ್‌ನ ಮಹಡಿಯ ಮೇಲೆ ಟ್ಯಾಬ್ ಅವರ ವಾಸ. ಲಿನಕ್ಸ್ ಕರ್ನಲ್‌ಗೆ ಕೋಡ್ ಬರೆದು ಕಳಿಸುವವರು ಪಾಲಿಸಬೇಕಾದ ‘ಕೋಡಿಂಗ್ ಸ್ಟೈಲ್’ ಎಂಬ ಕಡತವೊಂದಿದೆ. ಅದರ ಮೊದಲ ಅಧ್ಯಾಯವೇ ಇವರ ಬಗ್ಗೆ. ಸಂದರ್ಶನಕ್ಕೆ ಹೋದಾಗ ಎದುರಿನ ಕುರ್ಚಿ ಖಾಲಿ. ಇನ್ನೂ ಬಂದಿಲ್ಲವೇನೋ ಅಂದುಕೊಂಡು ಫ್ಯಾನ್ ನೋಡುತ್ತ ಕೂತೆ. ಹತ್ತು ನಿಮಿಷ ಕಳೆದ ಮೇಲೆ ಆ ಕುರ್ಚಿಯಿಂದಲೇ ದನಿ ಬಂತು: “ಆಗಿನಿಂದ ಇಲ್ಲೇ ಕೂತಿದೀನಿ ಸ್ವಾಮಿ. ಶುರು ಮಾಡಿ.”

ಪ್ರಶ್ನೆ: ಕ್ಷಮಿಸಿ, ಕಾಣಲಿಲ್ಲ.

ಟ್ಯಾಬ್: ಕಾಣದೆ ಇರೋದೇ ನನ್ನ ಕಸುಬು. ಟೈಪ್‌ರೈಟರ್ ಕಾಲದಲ್ಲಿ ಲೆಕ್ಕಪತ್ರದ ಕೋಷ್ಟಕ ನೇರವಾಗಿ ಬರಲಿ ಅಂತ ಹುಟ್ಟಿದವನು ನಾನು. ಆಸ್ಕಿ ಪಟ್ಟಿಯಲ್ಲಿ ನನ್ನ ನಂಬರ್ 9. ಆ ಸ್ಪೇಸ್ ಇದಾರಲ್ಲ, ಅವರದ್ದು 32. ಸರದಿಯಲ್ಲಿ ಯಾರು ಮುಂದೆ, ನೀವೇ ಹೇಳಿ. ನಾನೊಬ್ಬನೇ ಒಂದು ಬೈಟ್‌ನಲ್ಲಿ ಮುಗಿಸೋ ಕೆಲಸಕ್ಕೆ ಅವರ ಮನೆಯಿಂದ ಎಂಟು ಜನ ಬರ್ತಾರೆ. ಎಂಟು ಜನಕ್ಕೂ ಕಾಫಿ ಕೊಡಬೇಕು.

ಪ್ರಶ್ನೆ: ಸಾಲನ್ನು ಒಳಗೆ ಸರಿಸುವ ಇಂಡೆಂಟ್‌ಗೆ ಎಂಟೇ ಅಂಕಣ ಯಾಕೆ? ನಾಲ್ಕು ಸಾಲದೆ?

ಟ್ಯಾಬ್: ಆ ಮಾತು ಈ ಮನೆಯಲ್ಲಿ ಆಡಬೇಡಿ. ನಾಲ್ಕು ಅನ್ನೋರನ್ನ, ಎರಡು ಅನ್ನೋರನ್ನ ಲಿನಕ್ಸ್ ಹುಟ್ಟಿಸಿದ ಲೈನಸ್ ಟೋರ್ವಾಲ್ಡ್ಸ್ ಅವರು ಆ ಕಡತದಲ್ಲೇ ಧರ್ಮಭ್ರಷ್ಟರ ಪಂಗಡಕ್ಕೆ ಸೇರಿಸಿದಾರೆ. ಪೈ ಬೆಲೆ 3 ಅಂತ ಠರಾವು ಪಾಸು ಮಾಡಿದ ಹಾಗಂತೆ ಅದು. ಇಪ್ಪತ್ತು ಗಂಟೆ ಒಂದೇ ಸಮನೆ ಪರದೆ ನೋಡಿದ ಕಣ್ಣಿಗೆ ಯಾವ ಸಾಲು ಯಾವುದರ ಒಳಗಿದೆ ಅಂತ ಗೊತ್ತಾಗಬೇಕಾದ್ರೆ ಎಂಟು ಬೇಕು. ಮೂರು ಹಂತಕ್ಕಿಂತ ಒಳಗೆ ಹೋದ್ರಾ, ಸಾಲು ಬಲಗಡೆಯ ಗೋಡೆಗೆ ಹಣೆ ಬಡ್ಕೊಳ್ಳುತ್ತೆ. ಆಗ ನನ್ನನ್ನ ಬಯ್ಯಬೇಡಿ. ಗೋಜಲಾಗಿರೋದು ನಿಮ್ಮ ಪ್ರೋಗ್ರಾಮು.

ಪ್ರಶ್ನೆ: ಗ್ನೂ ಎಂಬ ಇನ್ನೊಂದು ತಂತ್ರಾಂಶ ಯೋಜನೆಯವರ ಕೋಡಿಂಗ್ ನಿಯಮಾವಳಿಯನ್ನು ಪ್ರಿಂಟ್ ತೆಗೆದು, ಓದದೆ, ಸುಟ್ಟುಹಾಕಿ ಅಂತಲೂ ಅದೇ ಕಡತ ಶುರುವಿನಲ್ಲೇ ಹೇಳುತ್ತದೆ. ಓದದಿದ್ದ ಮೇಲೆ ಪ್ರಿಂಟ್ ಯಾಕೆ? ಕಾಗದ ದಂಡ.

ಟ್ಯಾಬ್: ದಹನ ಅಂದಮೇಲೆ ಪ್ರತಿಕೃತಿ ಬೇಕಲ್ಲ ಸ್ವಾಮಿ? ನಿಮ್ಮೂರಲ್ಲಿ ಧರಣಿ ನೋಡಿಲ್ವೆ?

ಪ್ರಶ್ನೆ: ಬಲಗಡೆ ಗೋಡೆ ಅಂದಿರಿ.

ಟ್ಯಾಬ್: 80ನೇ ಅಂಕಣ. 1928ರಲ್ಲಿ ಐಬಿಎಂ ತಂದ ಪಂಚ್ ಕಾರ್ಡಿಗೆ ಅಷ್ಟು ಅಂಕಣ ಇತ್ತು. ಕಾರ್ಡ್ ಹೋಯ್ತು, ಟರ್ಮಿನಲ್‌ಗಳು 80 ಇಟ್ಕೊಂಡವು. ಟರ್ಮಿನಲ್ ಗುಜರಿಗೆ ಹೋಯ್ತು, 80 ಉಳೀತು. 2020ರಲ್ಲಿ ಚೆಕ್‌ಪ್ಯಾಚ್ ತನ್ನ ಮಿತಿಯನ್ನ 100ಕ್ಕೆ ಏರಿಸ್ತು. ಕಡತ ಮಾತ್ರ ಈಗಲೂ 80 ಇದ್ರೆ ಲೇಸು ಅನ್ನುತ್ತೆ. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ರೂ ಹೊಸಿಲು ತುಳೀಬೇಡ ಅಂತಾರಲ್ಲ, ಹಾಗೆ.

(‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ಆರು ಸಂಕೇತಗಳಿವೆ. ಈ 80ರ ಲೆಕ್ಕದಲ್ಲಿ ಅದನ್ನು ಒಂದು ಎನ್ನಬೇಕೋ ಆರು ಎನ್ನಬೇಕೋ ಎಂದು ಕೇಳಿದೆ. ಟ್ಯಾಬ್ ಕೆಮ್ಮಿದರು. ನೀರು ಕುಡಿದ ಸದ್ದಾಯಿತು.)

ಪ್ರಶ್ನೆ: ಈ ಚೆಕ್‌ಪ್ಯಾಚ್ ಯಾರು?

ಟ್ಯಾಬ್: ಪರ್ಲ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟು. ನಮ್ಮ ಮನೆಯ ಮಡಿ ಅಜ್ಜಿ ಅನ್ನಿ. ಸಾಲಿನ ಕೊನೆಯಲ್ಲಿ ಒಂದು ಖಾಲಿ ಸ್ಪೇಸ್ ಬಿಟ್ಟಿದ್ರೆ ಸಾಕು, ಮೈಲಿಗೆ. ಇಂಡೆಂಟ್ ಮಾಡೋ ಕಡೆ ನನ್ನ ಬದಲು ಸ್ಪೇಸ್ ಕೂತಿದ್ರೂ ಮೈಲಿಗೆ. ಆದರೆ ಅಡುಗೆ ಹಳಸಿದೆಯಾ ಅಂತ ಮೂಸಿ ನೋಡೋಕೆ ಅವಳಿಗೆ ಬರಲ್ಲ. ಅವಳು ಹೇಳಿದ್ದೇ ಕೊನೆ ಮಾತಲ್ಲ, ನಿಮ್ಮ ವಿವೇಕವೇ ಮುಖ್ಯ ಅಂತ ಕರ್ನಲ್‌ನವರೇ ಬರೆದಿದಾರೆ. ಅದನ್ನ ಯಾರು ಓದ್ತಾರೆ? ಮದುವೆಗೆ ಹೋದವರು ಗಂಡು ಹೆಣ್ಣು ಜೋಡಿ ಹೇಗಿದೆ ಅಂತ ಯೋಚಿಸಲ್ಲ, ಸಾರಿಗೆ ಉಪ್ಪು ಕಮ್ಮಿ ಅಂತ ದಾರಿಯುದ್ದ ಮಾತಾಡ್ತಾರೆ. ಉಪ್ಪಿನ ವಿಷಯ ಎಲ್ಲರಿಗೂ ಗೊತ್ತಲ್ಲ!

ಪ್ರಶ್ನೆ: ಹಾಗಾದರೆ ಅಚ್ಚುಕಟ್ಟಾಗಿರುವ ಕೋಡ್ ಸರಿಯಾಗಿಯೇ ಇರುತ್ತದೆ ಅಂತ ಏನಿಲ್ಲ?

ಟ್ಯಾಬ್: 2014ರ ಆ್ಯಪಲ್ ಕಥೆ ಕೇಳಿದೀರಾ? ಸುರಕ್ಷಿತ ಸಂಪರ್ಕ ನೋಡಿಕೊಳ್ಳೋ ಅವರ ಸಿ ಕೋಡಿನಲ್ಲಿ ‘ಗೋಟು ಫೇಲ್’ ಅನ್ನೋ ಸಾಲು ಒಂದರ ಕೆಳಗೊಂದು ಎರಡು ಸಲ ಬಂದುಬಿಟ್ಟಿತ್ತು. ಮೇಲೊಂದು ‘ಇಫ್’ ಇತ್ತು, ಕರ್ಲಿ ಬ್ರಾಕೆಟ್ ಇರಲಿಲ್ಲ. ಇಂಡೆಂಟ್ ನೋಡಿದ್ರೆ ಎರಡೂ ಸಾಲು ಆ ‘ಇಫ್’ ಒಳಗೇ ತಣ್ಣಗೆ ಕೂತ ಹಾಗಿದ್ದವು. ಕಂಪೈಲರ್‌ಗೆ ನನ್ನಂಥವನು ಲೆಕ್ಕಕ್ಕೇ ಇಲ್ಲ. ಅದು ಮೊದಲನೇ ಸಾಲನ್ನ ಮಾತ್ರ ಒಳಗೆ ಸೇರಿಸ್ತು, ಎರಡನೇದನ್ನ ಪ್ರತಿ ಸಲವೂ ಓಡಿಸ್ತು. ಸಹಿ ನಿಜವಾ ಸುಳ್ಳಾ ಅಂತ ನೋಡೋ ಹಂತವೇ ಹಾರಿಹೋಯ್ತು. ‘ಫೇಲ್’ ಅಂತ ಹೆಸರಿಟ್ಟ ಜಾಗಕ್ಕೆ ಹೋಗಿ ಎಲ್ಲ ಪಾಸಾಯ್ತು ಅಂತ ವರದಿ ಕೊಡ್ತು. ಐಫೋನು, ಮ್ಯಾಕು ಎಲ್ಲ ಬಾಗಿಲು ತೆರೆದಿಟ್ಕೊಂಡು ಕೂತಿದ್ದವು. ಓದೋ ಮನುಷ್ಯನಿಗೆ ಒಂದು ಕಂಡಿತ್ತು, ಓಡಿಸೋ ಯಂತ್ರಕ್ಕೆ ಇನ್ನೊಂದು.

ಪ್ರಶ್ನೆ: ಅದಕ್ಕೇ ಒಂದು ಸಾಲಿದ್ದರೂ ಬ್ರಾಕೆಟ್ ಹಾಕಿ ಅನ್ನುತ್ತಾರೆ ಬೇರೆಯವರು. ನಿಮ್ಮ ಕಡತ ಮಾತ್ರ ಒಂದೇ ಸಾಲಿದ್ದರೆ ಸುಮ್ಮನೆ ಬ್ರಾಕೆಟ್ ಹಾಕಬೇಡಿ ಅನ್ನುತ್ತದಲ್ಲ?

ಟ್ಯಾಬ್: ಮುಂದಿನ ಪ್ರಶ್ನೆ.

ಪ್ರಶ್ನೆ: ಪೈಥಾನ್ ಭಾಷೆಯವರ ಜತೆ ಸಂಬಂಧ ಹೇಗಿದೆ?

ಟ್ಯಾಬ್: ಬಹಿಷ್ಕಾರ. 2001ರ ಪೆಪ್ 8 ಅನ್ನೋ ಅವರ ಶೈಲಿಪತ್ರದಲ್ಲಿ ನಾಲ್ಕು ಸ್ಪೇಸ್ ಅಂತ ಬರೆದಿದೆ. ಮೂರನೇ ಆವೃತ್ತಿಯಲ್ಲಂತೂ ನಾವಿಬ್ಬರೂ ಅಡ್ಡಾದಿಡ್ಡಿ ಬೆರೆತರೆ ಪ್ರೋಗ್ರಾಮು ಓಡೋದೇ ಇಲ್ಲ, ತಪ್ಪಿಗೆ ನನ್ನ ಹೆಸರನ್ನೇ ಇಟ್ಟಿದಾರೆ: ಟ್ಯಾಬ್ ಎರರ್. ಬೆರೆತದ್ದು ಇಬ್ಬರು, ಎಫ್‌ಐಆರ್ ನನ್ನೊಬ್ಬನ ಮೇಲೆ.

ಪ್ರಶ್ನೆ: ನಿಮ್ಮನ್ನು ಬಿಟ್ಟರೆ ಕೆಲಸವೇ ನಡೆಯದ ಜಾಗ ಯಾವುದಾದರೂ ಇದೆಯೇ?

ಟ್ಯಾಬ್: ಇದೆ, ಮೇಕ್‌ಫೈಲ್! 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಅವರು ‘ಮೇಕ್’ ಬರೆದಾಗ ಆದೇಶದ ಸಾಲು ನನ್ನಿಂದಲೇ ಶುರುವಾಗಬೇಕು ಅಂತ ಮಾಡಿದ್ರು. ಅದು ಎಡವಟ್ಟು ಅಂತ ಆಮೇಲೆ ಅವರಿಗೇ ಅನ್ನಿಸ್ತಂತೆ. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಅದನ್ನ ಬಳಸೋಕೆ ಶುರು ಮಾಡಿದ್ರು, ಹೆಚ್ಚಿನವರು ಸ್ನೇಹಿತರೇ. ಅವರಿಗೆ ತೊಂದರೆ ಆಗಬಾರದು ಅಂತ ಹಾಗೇ ಬಿಟ್ರು. ಆ ಡಜನ್ ಜನರ ಮುಲಾಜಿನ ಬಾಬ್ತು ಇವತ್ತಿಗೂ ಜಗತ್ತೆಲ್ಲ ಸಂದಾಯ ಮಾಡ್ತಿದೆ. ನನಗೆ ಆದಾಯ, ಪರವಾಗಿಲ್ಲ.

ಪ್ರಶ್ನೆ: ಗೋ ಭಾಷೆಯಲ್ಲಿ?

ಟ್ಯಾಬ್: ಅಲ್ಲಿ ನಾನೇ. ಗೋಫಮ್ಟ್ ಅನ್ನೋ ಉಪಕರಣ ಎಲ್ಲರ ಕೋಡನ್ನೂ ಒಂದೇ ಅಚ್ಚಿಗೆ ಹಾಕುತ್ತೆ. ಜಗಳವೇ ಇಲ್ಲ. ಬೇಜಾರು.

ಪ್ರಶ್ನೆ: ಬೆಂಗಳೂರಿನ ಪಿ.ಜಿ. ಕೋಣೆಯಲ್ಲಿ ಕೂತು ಮೊದಲ ಸಲ ಕರ್ನಲ್‌ಗೆ ಪ್ಯಾಚ್ ಕಳಿಸುವ ಹುಡುಗಿಗೆ ಏನು ಹೇಳುತ್ತೀರಿ?

ಟ್ಯಾಬ್: ಹೊಸಬರಿಗೆ ಸ್ಟೇಜಿಂಗ್ ಅಂತ ಒಂದು ವಿಭಾಗ ಇದೆ. ಇನ್ನೂ ಹದಕ್ಕೆ ಬರದ ಡ್ರೈವರ್‌ಗಳು ಅಲ್ಲಿರ್ತವೆ. ಮದುವೆಮನೆಯಲ್ಲಿ ಹೊಸಬರನ್ನ ಒಲೆ ಮುಂದೆ ಬಿಡೋ ಮೊದಲು ತರಕಾರಿ ಹೆಚ್ಚೋಕೆ ಕೂರಿಸ್ತಾರಲ್ಲ, ಹಾಗೆ ಅಲ್ಲಿ ಶೈಲಿ ತಿದ್ದುತ್ತ ಕೈ ಪಳಗಿಸಿಕೊಳ್ಳಬಹುದು. ಆದರೆ ಜೀವನವಿಡೀ ಹುರಳೀಕಾಯಿ ಹೆಚ್ಚುತ್ತ ಕೂರಬೇಡಮ್ಮ, ಒಲೆ ಹತ್ತಿರ ಬಾ. ಇನ್ನೊಂದು ಮಾತು. ಪಂಕ್ತಿಯಲ್ಲಿ ಕೂತ ಮೇಲೆ ಪಕ್ಕದ ಎಲೆ ನೋಡು. ಆ ಫೈಲಿನಲ್ಲಿ ಹಿಂದಿನವರು ಹೇಗೆ ಬರೆದಿದಾರೋ ಹಾಗೇ ಬರಿ. ಅಲ್ಲಿ ನಾನಿಲ್ಲದೆ ಸ್ಪೇಸ್ ಇದ್ರೆ... ಇರಲಿ, ಸ್ಪೇಸೇ ಹಾಕು. ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡ.

ಇಷ್ಟು ಹೇಳಿ ಅವರು ಎದ್ದು ಹೋದರೆಂದು ಕಾಣುತ್ತದೆ. ಕುರ್ಚಿ ಮೊದಲಿನಂತೆಯೇ ಇತ್ತು. ಈ ಸಂದರ್ಶನ ಟೈಪಿಸುವಾಗ ಪ್ರತಿ ಪ್ಯಾರಾದ ಮೊದಲಿಗೂ ಗೌರವದಿಂದ ಅವರನ್ನೇ ಕೂರಿಸಿದ್ದೇನೆ. ಅಚ್ಚಿಗೆ ಹೋಗುವ ಹೊತ್ತಿಗೆ ಯಾರಾದರೂ ಅವರನ್ನು ಎಬ್ಬಿಸಿ ಸ್ಪೇಸ್ ಹಾಕಿದ್ದರೆ ನಿಮಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.