ಕಂಪನಿ ಹೋಯಿತು, ನಾನು ಉಳಿದೆ
(773 ಎಕರೆ ಜಮೀನಿನ ಜೊತೆ ಒಂದು ಕಾಲ್ಪನಿಕ ಸಂದರ್ಶನ)

ವಿದೇಶ್ ಸಂಚಾರ್ ನಿಗಮ್ ಲಿಮಿಟೆಡ್, ಅಂದರೆ ವಿಎಸ್‌ಎನ್‌ಎಲ್, 2002ರಲ್ಲಿ ಟಾಟಾ ಸಮೂಹದ ಕೈಸೇರಿತು. ಆ ಖಾಸಗೀಕರಣದ ಬಗ್ಗೆ ಮಂತ್ರಿಗಳು ಮಾತಾಡಿದ್ದಾರೆ, ಉದ್ಯಮಿಗಳು ಮಾತಾಡಿದ್ದಾರೆ, ಷೇರು ದಲ್ಲಾಳಿಗಳು ಈಗಲೂ ಮಾತಾಡುತ್ತಾರೆ. ಯಾರೂ ಮಾತಾಡಿಸದೆ ಬಿಟ್ಟದ್ದು ಕಂಪನಿಯ ‘ಹೆಚ್ಚುವರಿ’ ಜಮೀನನ್ನು ಮಾತ್ರ. ಒಟ್ಟು 773.13 ಎಕರೆ: ಪುಣೆಯಲ್ಲಿ 524, ಚೆನ್ನೈ ಹತ್ತಿರದ ಪಡಿಯನಲ್ಲೂರಿನಲ್ಲಿ 85.94, ದೆಹಲಿಯ ಗ್ರೇಟರ್ ಕೈಲಾಶ್‌ನಲ್ಲಿ 70, ಅಲ್ಲೇ ಛತ್ತರ್‌ಪುರದಲ್ಲಿ 58, ಕೋಲ್ಕತ್ತ ಬಳಿಯ ಹಾಲಿಶಹರದಲ್ಲಿ 35.19. ಐದು ಕಡೆ ಹರಡಿಕೊಂಡಿದ್ದರೂ ದನಿ ಒಂದೇ. ಮಾತಿಗೆ ಕೂತರೆ ಬಿಡುವ ಪೈಕಿಯಲ್ಲ.

ಪ್ರಶ್ನೆ: ನಮಸ್ಕಾರ ತಾಯೀ. ನೀವು ಮಹಾರಾಷ್ಟ್ರದಲ್ಲಿದ್ದೀರಿ, ತಮಿಳುನಾಡಿನಲ್ಲಿದ್ದೀರಿ, ಬಂಗಾಳದಲ್ಲೂ ಇದ್ದೀರಿ. ಕನ್ನಡ ಎಲ್ಲಿಂದ ಕಲಿತಿರಿ?

ಜಮೀನು: ಹದಿನೇಳು ವರ್ಷ ಕಡತದೊಳಗೆ ಮಲಗಿದ್ದೆ ಮಗಾ. ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’, ‘ಮೇಲಿಂದ ಅಭಿಪ್ರಾಯ ಬರಬೇಕು’, ‘ಮುಂದಿನ ವಾರ ಬನ್ನಿ’. ಇಷ್ಟು ಕಲಿತರೆ ಈ ದೇಶದ ಎಲ್ಲ ಭಾಷೆಯೂ ಬಂದ ಹಾಗೆ.

ಪ್ರಶ್ನೆ: ಟೆಲಿಫೋನಿನವರಿಗೆ ಇಷ್ಟೊಂದು ನೆಲ ಯಾಕೆ ಬೇಕಿತ್ತು? ರಾಗಿ ಬಿತ್ತುತ್ತಿದ್ದರೇ?

ಜಮೀನು: ಬಿತ್ತಿದ್ದರೆ ಊಟಕ್ಕಾದರೂ ಆಗುತ್ತಿತ್ತು. ಸಮುದ್ರದಾಚೆಗೆ ಮಾತು, ತಂತಿ ಸುದ್ದಿ ಎಲ್ಲ ರೇಡಿಯೊ ಅಲೆಯ ಮೇಲೆ ಹೋಗುತ್ತಿದ್ದ ಕಾಲವೊಂದಿತ್ತು. ಎತ್ತರದ ಕಂಬಗಳು, ಅವುಗಳ ನಡುವೆ ಎಳೆದ ಆಂಟೆನಾ. ಅದಕ್ಕೆ ಬಯಲು ಬೇಕು. 1947ರ ಜನವರಿಯಲ್ಲಿ ಸರಕಾರ ಇಂಡಿಯನ್ ರೇಡಿಯೊ ಅಂಡ್ ಕೇಬಲ್ ಕಮ್ಯುನಿಕೇಷನ್ಸ್ ಎಂಬ ಖಾಸಗಿ ಕಂಪನಿಯನ್ನು ವಶಕ್ಕೆ ತೆಗೆದುಕೊಂಡು ಓವರ್ಸೀಸ್ ಕಮ್ಯುನಿಕೇಷನ್ಸ್ ಸರ್ವೀಸ್ ಎಂದು ಹೆಸರಿಟ್ಟಿತು. ಖಾಸಗೀಕರಣ ಅಂದರೆ ಬೆಚ್ಚಿಬೀಳುವವರಿಗೆ ಇದು ಗೊತ್ತಿರಲಿ, ಈ ವಂಶದ ಮೂಲಪುರುಷನೇ ಖಾಸಗಿ. 1971ರಲ್ಲಿ ಪುಣೆ ಜಿಲ್ಲೆಯ ಆರ್ವಿಯಲ್ಲಿ ಉಪಗ್ರಹ ಕೇಂದ್ರ ಬಂತು. ಆಮೇಲೆ ಸಮುದ್ರದಡಿಯ ಕೇಬಲ್ ಬಂತು. ಕಂಬಗಳ ಕೆಲಸ ಹೋಯಿತು. 1986ರಲ್ಲಿ ಸರ್ವೀಸು ನಿಗಮವಾಗಿ ವಿಎಸ್‌ಎನ್‌ಎಲ್ ಅನ್ನಿಸಿಕೊಂಡಿತು.

ಪ್ರಶ್ನೆ: ನಿಗಮದ ವೈಭವದ ದಿನಗಳನ್ನು ಸ್ವಲ್ಪ ಹೇಳಿ.

ಜಮೀನು: ಎದುರು ಅಂಗಡಿಯೇ ಇಲ್ಲದವನಿಗೆ ವೈಭವಕ್ಕೇನು ಬರ? ಹೊರದೇಶಕ್ಕೆ ಹೋಗುವ ಕರೆ, ಬರುವ ಕರೆ, ಎಲ್ಲವೂ ನಮ್ಮ ಬಾಗಿಲು ದಾಟಬೇಕಿತ್ತು. ಅಮೆರಿಕದಲ್ಲಿದ್ದ ಮಗನಿಗೆ ಫೋನು ಹಚ್ಚಿದ ಮೈಸೂರಿನ ತಾಯಿ ‘ಊಟ ಆಯ್ತಾ’ ಅನ್ನುವುದರೊಳಗೆ ಬೂತಿನ ಮೀಟರಿನ ಕೆಂಪು ಅಂಕಿ ನೋಡಿ ‘ಇಡ್ತೀನಪ್ಪಾ’ ಅನ್ನುತ್ತಿದ್ದಳು. 1995ರ ಆಗಸ್ಟ್ 15ಕ್ಕೆ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದದ್ದೂ ನಾವೇ. ವೇಗ ಸೆಕೆಂಡಿಗೆ 9.6 ಕಿಲೋಬಿಟ್, ಒಬ್ಬ ವ್ಯಕ್ತಿಗೆ ಶುಲ್ಕ 5,000 ರೂಪಾಯಿ. ಸಂಪರ್ಕ ಸಿಕ್ಕಿತು ಎಂದು ಪಕ್ಕದ ಮನೆಗೆ ಹೇಳಿ ಬರುವಷ್ಟರಲ್ಲಿ ಅದು ಕಡಿದುಹೋಗಿರುತ್ತಿತ್ತು.

ಪ್ರಶ್ನೆ: ಇಷ್ಟು ಲಾಭದ ಕಂಪನಿಯನ್ನು ಮಾರಿದ್ದೇಕೆ?

ಜಮೀನು: ಲಾಭ ಕಂಪನಿಯದೋ ಏಕಸ್ವಾಮ್ಯದ್ದೋ, ಅದನ್ನು ಮೊದಲು ಕೇಳು. ವಿದೇಶಿ ಕರೆಯ ಏಕಸ್ವಾಮ್ಯ 2004ರವರೆಗೆ ಇರುತ್ತದೆ ಎಂದು ಮಾತು ಕೊಟ್ಟಿದ್ದರು. 2002ರ ಏಪ್ರಿಲ್ 1ಕ್ಕೇ ಅದನ್ನು ಮುಗಿಸಿದರು. ಅದಕ್ಕೆ ಒಂದೂವರೆ ತಿಂಗಳ ಮುಂಚೆ, ಫೆಬ್ರುವರಿಯಲ್ಲಿ, ಶೇ 25 ಷೇರನ್ನು ಆಡಳಿತದ ಹಿಡಿತದ ಸಮೇತ ಟಾಟಾದ ಪ್ಯಾನಟೋನ್ ಫಿನ್‌ವೆಸ್ಟ್‌ಗೆ ಕೊಟ್ಟರು. ಷೇರಿಗೆ 202 ರೂಪಾಯಿ, ಒಟ್ಟು 1,439 ಕೋಟಿ. ರಿಲಯನ್ಸ್ ಕೂಗಿದ್ದು ಇದಕ್ಕಿಂತ ಕಡಿಮೆ. ಇನ್ನೊಂದು ಕೇಳು. ಮಾರುವ ಮುಂಚೆಯೇ ವಿಶೇಷ ಲಾಭಾಂಶವೆಂದು ಸರಕಾರ 1,887 ಕೋಟಿ ತೆಗೆದುಕೊಂಡಿತ್ತು. ಮಾರಿ ಬಂದದ್ದಕ್ಕಿಂತ ಗಲ್ಲಾಪೆಟ್ಟಿಗೆ ಬಳಿದು ಬಂದದ್ದೇ ಜಾಸ್ತಿ.

ಪ್ರಶ್ನೆ: ಅಗ್ಗಕ್ಕೆ ಕೊಟ್ಟರು ಎಂಬ ಆರೋಪ ಇದೆಯಲ್ಲ?

ಜಮೀನು: ನನ್ನನ್ನೂ ಸೇರಿಸಿ ಕೊಟ್ಟಿದ್ದರೆ ಅದನ್ನು ಆರೋಪ ಅನ್ನುತ್ತಿರಲಿಲ್ಲ, ಸತ್ಯ ಅನ್ನುತ್ತಿದ್ದರು. ಅದಕ್ಕೇ ಬುದ್ಧಿವಂತರು ಒಪ್ಪಂದದಲ್ಲಿ ಬರೆದರು: ಈ 773 ಎಕರೆ ಬೇರೆ ಕಂಪನಿಗೆ ಹೋಗತಕ್ಕದ್ದು, ಟಾಟಾ ಕೊಂಡ ಶೇ 25 ಷೇರಿಗೆ ಇದರ ಫಲ ಸಿಗತಕ್ಕದ್ದಲ್ಲ. ಚೆನ್ನಾಗಿಯೇ ಬರೆದರು. ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಎದ್ದು ಹೋದರು.

ಪ್ರಶ್ನೆ: ಆಮೇಲೆ?

ಜಮೀನು: ಆಮೇಲೆ ಏನು, ಸ್ಟಾಂಪ್ ಡ್ಯೂಟಿ ಯಾರ ತಲೆಗೆ, ತೆರಿಗೆ ಬೀಳುತ್ತದೋ ಇಲ್ಲವೋ ಎಂಬ ಚರ್ಚೆ. 2005ರಲ್ಲಿ ನನ್ನನ್ನು ಇಟ್ಟುಕೊಳ್ಳಲೆಂದೇ ಹೆಮಿಸ್ಫಿಯರ್ ಪ್ರಾಪರ್ಟೀಸ್ ಇಂಡಿಯಾ ಎಂಬ ಕಂಪನಿ ಹುಟ್ಟಿತು. ಹೆಸರಿನಲ್ಲಿ ಅರ್ಧ ಭೂಗೋಳ, ಕೈಯಲ್ಲಿ ಒಂದು ಗುಂಟೆ ಇಲ್ಲ. ಅದರಲ್ಲಿ ಸರಕಾರಕ್ಕೆ ಶೇ 51.12 ಪಾಲು ಬಂದದ್ದು 2014ರಲ್ಲಿ. ನಾನು ಅದರ ಪಾಲಿಗೆ ಬಂದದ್ದು 2019ರಲ್ಲಿ. ಕಂಪನಿ ಹುಟ್ಟಿ ಹದಿನಾಲ್ಕು ವರ್ಷ. ರಾಮನಿಗೂ ಅಷ್ಟೇ ಆಯಿತು, ಆದರೆ ಅವನಿಗೆ ವಾಪಸು ಬರುವ ದಿನ ಹೊರಡುವಾಗಲೇ ಗೊತ್ತಿತ್ತು. 2020ರ ಅಕ್ಟೋಬರಿನಲ್ಲಿ ಷೇರುಪೇಟೆಯನ್ನೂ ಹತ್ತಿದೆ.

ಪ್ರಶ್ನೆ: ಅಷ್ಟು ವರ್ಷ ಟಾಟಾದವರು ನಿಮ್ಮನ್ನು ಹೇಗೆ ನೋಡಿಕೊಂಡರು?

ಜಮೀನು: ಅವರನ್ನು ದೂರಲಾರೆ. ನಾನು ಅವರ ಪುಸ್ತಕದಲ್ಲಿದ್ದೆ, ಅವರ ಲೆಕ್ಕದಲ್ಲಿರಲಿಲ್ಲ. ಫಲ ತನಗಲ್ಲದ ಹೊಲಕ್ಕೆ ಯಾರು ನೀರು ಹಾಯಿಸುತ್ತಾರೆ? ಇತ್ತ ಸರಕಾರಕ್ಕೆ ನಾನು ಮಾರಿ ಮುಗಿದ ಕಂಪನಿಯ ಬಾಬತ್ತು. ಕೊಂಡವರಿಗೆ ನಾನು ದಕ್ಕುವ ಹಾಗಿಲ್ಲ, ಮಾರಿದವರಿಗೆ ನನ್ನ ನೆನಪಿಲ್ಲ.

ಪ್ರಶ್ನೆ: ಕೊಂಡ ಹೊಸತರಲ್ಲೇ 1,200 ಕೋಟಿಯ ಜಗಳವಾಯಿತಲ್ಲ?

ಜಮೀನು: ಅಯ್ಯೋ, ಅದೊಂದು ಜಾತ್ರೆ! ಕೊಂಡು ಮೂರು ತಿಂಗಳು ಕಳೆದಿತ್ತು. 2002ರ ಮೇ ತಿಂಗಳಲ್ಲಿ ವಿಎಸ್‌ಎನ್‌ಎಲ್ ಆಡಳಿತ ಮಂಡಳಿ 1,200 ಕೋಟಿಯನ್ನು ಟಾಟಾ ಟೆಲಿಸರ್ವೀಸಸ್‌ನಲ್ಲಿ ಹೂಡಲು ತೀರ್ಮಾನ ಮಾಡಿತು. 1,439 ಕೋಟಿಗೆ ಹಿಡಿತ, ಆ ಹಿಡಿತದಿಂದ 1,200 ಕೋಟಿ ಸ್ವಂತದವರ ಕಂಪನಿಗೆ. ಸಂಪರ್ಕ ಸಚಿವ ಪ್ರಮೋದ್ ಮಹಾಜನ್ ಕೆಂಡವಾದರು. ಬಂಡವಾಳ ಹಿಂತೆಗೆತದ ಸಚಿವ ಅರುಣ್ ಶೌರಿ ಮಾರಾಟವನ್ನು ಸಮರ್ಥಿಸಿಕೊಂಡರು. ಒಂದೇ ಸಂಪುಟ, ಎರಡು ರಾಗ. 2003ರ ಜನವರಿಯಲ್ಲಿ ಶೌರಿಯವರೇ ಸಂಪರ್ಕ ಸಚಿವರಾದರು. ಇಬ್ಬರು ಸಚಿವರ ಭಿನ್ನಾಭಿಪ್ರಾಯ ತೀರಿಸಲು ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ಅಷ್ಟು ರಂಪ ಎಬ್ಬಿಸಿದ ಟಾಟಾ ಟೆಲಿಸರ್ವೀಸಸ್‌ನ ಮೊಬೈಲ್ ವ್ಯವಹಾರವನ್ನು 2017ರಲ್ಲಿ ನಗದು ಪಡೆಯದೆ ಏರ್‌ಟೆಲ್‌ಗೆ ಬಿಟ್ಟುಕೊಡುವ ಒಪ್ಪಂದವಾಯಿತು.

ಪ್ರಶ್ನೆ: ಹಾಗಾದರೆ ಖಾಸಗೀಕರಣ ಸೋತಿತು ಎನ್ನೋಣವೇ?

ಜಮೀನು: ನಾನು ಹಾಗೆಲ್ಲಿ ಹೇಳಿದೆ? ಏಕಸ್ವಾಮ್ಯ ಹೋದ ಮೇಲೆ ವಿದೇಶಿ ಕರೆಯ ದರ ಬಿತ್ತು, ಮೈಸೂರಿನ ತಾಯಿ ಊಟದ ಜೊತೆ ತಿಂಡಿಯನ್ನೂ ವಿಚಾರಿಸಿದಳು. ಕರೆಯಲ್ಲಿ ಕಾಸಿಲ್ಲ ಎಂದು ಗೊತ್ತಾದ ಕಂಪನಿ ಸಮುದ್ರಕ್ಕಿಳಿಯಿತು. ಡಾಟ್‌ಕಾಂ ಭರಾಟೆ ಇಳಿದು ಕೇಬಲ್ಲುಗಳ ಬೆಲೆ ನೆಲಕಚ್ಚಿದ್ದ ಹೊತ್ತು. 2005ರಲ್ಲಿ ಟೈಕೊ ಗ್ಲೋಬಲ್ ನೆಟ್‌ವರ್ಕ್‌ನ ಸುಮಾರು 60,000 ಕಿಲೋಮೀಟರ್ ಕೇಬಲ್ಲನ್ನು 13 ಕೋಟಿ ಡಾಲರಿಗೆ ಕೊಂಡರು. ಮರುವರ್ಷ ಟೆಲಿಗ್ಲೋಬ್, 23.9 ಕೋಟಿ ಡಾಲರ್. 2008ರಲ್ಲಿ ಹೆಸರು ಟಾಟಾ ಕಮ್ಯುನಿಕೇಷನ್ಸ್ ಆಯಿತು. 2012ಕ್ಕೆ ಭೂಮಿಯ ಸುತ್ತ ಅವರದೇ ಕೇಬಲ್ಲಿನ ಉಂಗುರ ಕೂಡಿಕೊಂಡಿತು. ನಿಗಮವಾಗಿಯೇ ಉಳಿದಿದ್ದರೆ? ಟೆಂಡರು, ತಕರಾರು, ಸಮಿತಿ, ಸಮಿತಿಯ ಮೇಲೊಂದು ಸಮಿತಿ. ಅಷ್ಟರಲ್ಲಿ ಕೇಬಲ್ ಬೇರೆಯವರ ಪಾಲಾಗಿರುತ್ತಿತ್ತು. ಅವರು ಹತ್ತು ವರ್ಷದಲ್ಲಿ ಭೂಮಿ ಸುತ್ತಿ ಬಂದರು. ನಾನು ಒಂದು ಕಡತದಿಂದ ಇನ್ನೊಂದು ಕಡತಕ್ಕೆ ಹೋಗಲು ಹದಿನೇಳು ವರ್ಷ ತೆಗೆದುಕೊಂಡೆ.

ಪ್ರಶ್ನೆ: ಕೊನೆಗೆ ಗೆದ್ದವರು ಯಾರು?

ಜಮೀನು: ಲೆಕ್ಕ ಕೇಳು. 2021ರ ಮಾರ್ಚಿನಲ್ಲಿ ಸರಕಾರ ತನ್ನಲ್ಲಿ ಉಳಿದಿದ್ದ ಶೇ 26.12 ಷೇರನ್ನೂ ಮಾರಿ ಕೈತೊಳೆದುಕೊಂಡಿತು. ಶೇ 10 ಪ್ಯಾನಟೋನ್‌ಗೆ, ಮಿಕ್ಕದ್ದು ಪೇಟೆಗೆ. ಪೇಟೆಗೆ ಬಿಟ್ಟ ಷೇರಿನ ಕನಿಷ್ಠ ದರವೇ 1,161 ರೂಪಾಯಿ. ಆ ದರದಲ್ಲಿ ಗುಣಿಸಿದರೂ ಒಟ್ಟು 8,600 ಕೋಟಿ ದಾಟುತ್ತದೆ. ಹಿಡಿತ ಸಮೇತ ಕೊಟ್ಟ ಶೇ 25ಕ್ಕೆ 1,439 ಕೋಟಿ, ಏನೂ ಮಾಡದೆ ಇಟ್ಟುಕೊಂಡ ಶೇ 26ಕ್ಕೆ ಅದರ ಆರು ಪಟ್ಟು. ನಡುವೆ ರೂಪಾಯಿ ಸವೆದಿದೆ, ಒಪ್ಪಿದೆ. ಆದರೂ ವಿಎಸ್‌ಎನ್‌ಎಲ್‌ನಿಂದ ಸರಕಾರ ಚೆನ್ನಾಗಿ ಗಳಿಸಿದ್ದು ತಾನು ನಡೆಸಿದಾಗಲೂ ಅಲ್ಲ, ಮಾರಿದಾಗಲೂ ಅಲ್ಲ. ಬೇರೆಯವರು ದುಡಿಯುವಾಗ ತೆಪ್ಪಗಿದ್ದಾಗ. ಮಾರಿದ್ದು ತಪ್ಪು ಅನ್ನುವವರೂ ಇದೇ ಅಂಕಿ ತೋರಿಸುತ್ತಾರೆ, ಮಾರಿದ್ದು ಸರಿ ಅನ್ನುವವರೂ ಇದೇ ಅಂಕಿ ತೋರಿಸುತ್ತಾರೆ.

ಪ್ರಶ್ನೆ: ನಿಮ್ಮಿಂದ ಸರಕಾರ ಪಾಠ ಕಲಿತಿದೆಯೇ?

ಜಮೀನು: ಅತಿಯಾಗಿ ಕಲಿತಿದೆ. ನಿಮ್ಮ ಬೆಂಗಳೂರಿನ ಬಿಇಎಂಎಲ್ ನೋಡು. 2021ರಲ್ಲಿ ಶೇ 26 ಷೇರು ಮಾರುತ್ತೇವೆ, ಆಸಕ್ತಿ ಇದ್ದವರು ಬನ್ನಿ ಎಂದು ಕರೆದರು. ನನ್ನ ಫಜೀತಿ ನೆನಪಿದ್ದುದರಿಂದ ಮೊದಲು ಜಮೀನನ್ನು ಬೇರೆ ಮಾಡಿದರು. ಬಿಇಎಂಎಲ್ ಲ್ಯಾಂಡ್ ಅಸೆಟ್ಸ್ ಎಂಬ ಕಂಪನಿಯಾಗಿ ಆ ಜಮೀನು 2023ರಲ್ಲಿ ಷೇರುಪೇಟೆಗೂ ಬಂತು. ಆಗ ಮೂಲ ಕಂಪನಿ ಇನ್ನೂ ಸರಕಾರದ ಕೈಯಲ್ಲೇ ಇತ್ತು. ನನ್ನ ಕಾಲದಲ್ಲಿ ಕಂಪನಿ ಹೋಗಿ ಜಮೀನು ಉಳಿಯಿತು, ಈಗ ಜಮೀನು ಹೊರಟು ಕಂಪನಿ ಉಳಿಯಿತು.

ಪ್ರಶ್ನೆ: ಓದುಗರಿಗೆ ಏನು ಹೇಳುತ್ತೀರಿ?

ಜಮೀನು: ಸರಕಾರಿ ಕಂಪನಿಯೊಂದನ್ನು ಮಾರುತ್ತಾರೆ ಎಂಬ ಸುದ್ದಿ ಬಂದಾಗ ಒಂದು ಗುಂಪು ಜೈ ಅನ್ನುತ್ತದೆ, ಇನ್ನೊಂದು ಗುಂಪು ಧಿಕ್ಕಾರ ಕೂಗುತ್ತದೆ. ನೀವು ಎರಡನ್ನೂ ಬಿಟ್ಟು ನಾಲ್ಕು ಪ್ರಶ್ನೆ ಕೇಳಿ. ಈ ಲಾಭ ದುಡಿಮೆಯದೋ ಏಕಸ್ವಾಮ್ಯದ್ದೋ? ಕೊಂಡವರು ಗಲ್ಲಾಕ್ಕೆ ಕೈಹಾಕದಂತೆ ಕಾಯುವವರು ಯಾರು? ಸರಕಾರ ಉಳಿಸಿಕೊಳ್ಳುವ ಪಾಲೆಷ್ಟು? ಜಮೀನು ಯಾರ ಹೆಸರಿಗೆ, ಯಾವ ತಾರೀಖಿನೊಳಗೆ? ಮೊದಲ ಮೂರಕ್ಕೆ ಭಾಷಣವಾದರೂ ಸಿಗುತ್ತದೆ. ತಾರೀಖು ಕೇಳಿದಾಗ ಯಾರಾದರೂ ‘ಮುಂದಿನ ವಾರ ಬನ್ನಿ’ ಅಂದರೆ ಮಾತ್ರ, ಆ ಕಾಗದಕ್ಕೆ ರುಜು ಬೀಳಲು ಬಿಡಬೇಡಿ.