ಬಾಟಲಿಯ ಮೇಲಿನ ಇಸವಿ

ಆ ದಾಸವಾಳದ ಕೊಂಬೆ ಸ್ವಲ್ಪ ಆಚೆಗೆ ಸರಿಸಿ ಮೇಷ್ಟ್ರೇ, ಮುಖ ಕಾಣಲಿ. ಮಗನ ಸ್ನೇಹಿತರು ಶನಿವಾರ ಊಟಕ್ಕೆ ಕರೆದಿದ್ದಾರೆ, ವೈನ್ ಬಾಟಲಿ ತರೋ ಜವಾಬ್ದಾರಿ ನಿಮ್ಮದು ಅಂದಿರಲ್ಲ, ಅದಕ್ಕೆ ಇಷ್ಟು ಅಳುಕಬೇಡಿ. ಸಂತೆಯಲ್ಲಿ ಬದನೆಕಾಯಿಯ ತೊಟ್ಟು ನೋಡಿ, ಬಾಡಿದ್ದನ್ನು ಬದಿಗಿಟ್ಟು ಆರಿಸೋರು ನೀವು. ಅದೇ ಕಣ್ಣಿದ್ದರೆ ಇಲ್ಲೂ ಸಾಕು. ಫ್ರೆಂಚ್ ಹೆಸರು ಬಾಯಿಗೆ ಬರದಿದ್ದರೆ ಬೆರಳು ತೋರಿಸಿ ಕೇಳಿ, ಅದರಲ್ಲಿ ಯಾವ ಕುಂದೂ ಇಲ್ಲ.

ಬೆಲೆ ಆಮೇಲೆ. ಮೊದಲು ಇಸವಿ ನೋಡಿ. ಲೇಬಲ್ ಮೇಲೆ ಇರೋ ಆ ನಾಲ್ಕು ಅಂಕಿ ದ್ರಾಕ್ಷಿ ಕೊಯ್ದ ವರ್ಷ. ವೈನ್ ಹಳೆಯದಾದಷ್ಟೂ ರುಚಿ ಅನ್ನೋ ಮಾತು ಸಲ್ಲೋದು ಕೆಲವೇ ಕೆಲವು ವೈನ್‌ಗಳಿಗೆ, ಅದೂ ಹನ್ನೆರಡು ಹದಿಮೂರು ಡಿಗ್ರಿಯ ತಣ್ಣನೆ ನೆಲಮಾಳಿಗೆಯಲ್ಲಿ ಮಲಗಿಸಿಟ್ಟರೆ. ಅಂಗಡಿ ಕಪಾಟಿನಲ್ಲಿರೋ ಬಹುಪಾಲು ಬಾಟಲಿಗಳನ್ನು ಮಾಡಿರೋದೇ ಬೇಗ ಕುಡಿದು ಮುಗಿಸಲಿ ಅಂತ. ಬಿಳಿ ವೈನ್ ಆದರೆ ಹೊಸದು, ಹೆಚ್ಚೆಂದರೆ ಹಿಂದಿನ ವರ್ಷದ್ದು. ಕೆಂಪಿಗೆ ಮೂರು ನಾಲ್ಕು ವರ್ಷ ಆಗಿದ್ದರೂ ನಡೆಯುತ್ತೆ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಯೋದು ಹೆಚ್ಚಾಗಿ ಸೆಪ್ಟೆಂಬರ್ ಸುಮಾರಿಗೆ. ನಮ್ಮ ನಂದಿಬೆಟ್ಟದ ಕಡೆ, ನಾಸಿಕದ ಕಡೆ ಜನವರಿಯಿಂದ ಮಾರ್ಚ್ ಅಂದಾಜಿಗೇ ಕೊಯ್ಲು. ಮಳೆಗಾಲ ಮುಗಿದ ಮೇಲೆ ಬಳ್ಳಿ ಸವರಿ, ಚಳಿಗಾಲದ ಒಣ ಹವೆಯಲ್ಲಿ ಹಣ್ಣು ಮಾಗಿಸ್ತಾರೆ. ಹಾಗಾಗಿ ಈ ವರ್ಷದ ಅಂಕಿ ಇರೋ ಬಿಳಿ ವೈನು ಇದೇ ವರ್ಷ ಅಂಗಡಿಗೆ ಬಂದಿದ್ದರೆ ಅನುಮಾನ ಪಡಬೇಡಿ.

ಇಸವಿ ಆದಮೇಲೆ, ಬಾಟಲಿ ಎಲ್ಲಿ ನಿಂತಿತ್ತು ಅನ್ನೋದು. ನನ್ನ ಮಟ್ಟಿಗೆ ನಮ್ಮ ದೇಶದಲ್ಲಿ ವೈನ್ ಕೊಳ್ಳೋರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ವಿಸ್ಕಿ, ರಮ್ಮಿಗೆ ಸೆಖೆ ಅಷ್ಟಾಗಿ ತಟ್ಟೋದಿಲ್ಲ, ವೈನಿಗೆ ತಟ್ಟುತ್ತೆ. ಬೇಸಿಗೆಯಲ್ಲಿ ತಗಡಿನ ಚಾವಣಿಯ ಅಂಗಡಿಯಲ್ಲಿ ತಿಂಗಳುಗಟ್ಟಲೆ ನಿಂತ ವೈನು ಹಣ್ಣಿನ ಪರಿಮಳ ಕಳಕೊಂಡು, ಬೇಯಿಸಿದ ಹಣ್ಣಿನ ವಾಸನೆಗೆ ತಿರುಗುತ್ತೆ. ರೈತ ಅಷ್ಟು ಜೋಪಾನ ಮಾಡಿದ ಹಣ್ಣು, ಮಾಡಿದವರ ಅಷ್ಟು ಶ್ರಮ, ಎಲ್ಲಾ ಒಂದು ಗಾಜಿನ ಕಿಟಕಿ ಪಕ್ಕದಲ್ಲಿ ಹಾಳಾಗೋದು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಬಿಸಿಲು ಬೀಳೋ ಶೋಕೇಸಿನ ಬಾಟಲಿ ಬೇಡವೇ ಬೇಡ. ಬಣ್ಣವಿಲ್ಲದ ಗಾಜಿನಲ್ಲಿ ಬರೋ ರೋಸೆ, ಅಂದರೆ ಗುಲಾಬಿ ಬಣ್ಣದ ವೈನಿಗೆ, ಬೆಳಕೂ ಶತ್ರು. ಕೈಗೆ ಬಾಟಲಿ ಬಂದಾಗ ಕಾರ್ಕ್ ಮೇಲಕ್ಕೆ ಉಬ್ಬಿದೆಯಾ, ಕುತ್ತಿಗೆ ಅಂಟಂಟಾಗಿದೆಯಾ, ಒಳಗಿನ ಮಟ್ಟ ಪಕ್ಕದ ಬಾಟಲಿಗಿಂತ ಕೆಳಗಿದೆಯಾ ನೋಡಿ. ಎಳೆಯ ಬಿಳಿ ವೈನಿನ ಬಣ್ಣ ಕಂದಿಗೆ ತಿರುಗಿದ್ದರೂ ವಾಪಸ್ ಇಡಿ. ಎ.ಸಿ. ಇರೋ, ವೈನ್ ಬೇಗ ಖರ್ಚಾಗೋ ಅಂಗಡಿ ಹುಡುಕಿ ಹೋಗೋದು ಒಳ್ಳೇದು. ಬೆಂಗಳೂರಿನಲ್ಲಿ ವೈನ್‌ಗೇ ಮೀಸಲಾದ ಅಂಗಡಿಗಳೂ ಇವೆ.

ಇನ್ನು ದುಡ್ಡಿನ ವಿಷಯ. ದುಬಾರಿ ಅಂತ ಗೊತ್ತಿದ್ದರೆ ನಾಲಿಗೆಗೂ ಹೆಚ್ಚು ರುಚಿಸುತ್ತೆ, ಮೇಷ್ಟ್ರೇ, ಅದೇ ತೊಂದರೆ. ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದು, ಒಮ್ಮೆ 90 ಡಾಲರಿನದು ಅಂತ ಹೇಳಿ ಕುಡಿಸಿದರು. 90 ಅಂದಾಗ ಜನ ಹೆಚ್ಚು ಮೆಚ್ಚಿದರು. ಬಾಯಿಮಾತಿಗಷ್ಟೇ ಅಲ್ಲ, ಮಿದುಳಿನ ಸ್ಕ್ಯಾನಿನಲ್ಲೂ ಆ ಸಂತೋಷ ಕಂಡಿತು. ಇಲ್ಲಿ ವಿದೇಶಿ ಬಾಟಲಿಗೆ ಕೊಡೋ ಹಣದಲ್ಲಿ ಸುಂಕದ, ಸಾಗಣೆಯ ಪಾಲೂ ಸೇರಿರುತ್ತೆ. ಅದೇ ದುಡ್ಡಿಗೆ ನಮ್ಮ ನೆಲದ ಒಳ್ಳೇ ಬಾಟಲಿ ಸಿಗುತ್ತೆ. ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಅವರು 1988ರಲ್ಲಿ ವೈನ್ ಕಂಪನಿ ಕಟ್ಟಿದಾಗ ಫ್ರಾನ್ಸಿನ ತಳಿ ಇಲ್ಲಿ ಕೈಹಿಡಿಯುತ್ತೆ ಅಂತ ನಂಬಿದವರು ಕಡಿಮೆ. ಇವತ್ತು ಅಲ್ಲಿಗೇ ಹೋಗಿ ತೋಟ ನೋಡಿ, ನಾಲ್ಕಾರು ಬಗೆ ರುಚಿ ನೋಡಿ ಬರಬಹುದು. ಹಂಪಿ ಕಡೆಯ ಬೆಟ್ಟಗಳಲ್ಲೂ ಕ್ರಸ್ಮಾ ಅನ್ನೋ ವೈನ್ ಕಂಪನಿಯವರ ತೋಟ ಇದೆ. ಅಂಗಡಿಯಲ್ಲಿ ಅಗ್ಗಕ್ಕೆ ‘ಪೋರ್ಟ್’ ಅಂತ ಇರೋದು ಬೇರೆ ಜಾತಿ. ಸಿಹಿ, ಗಟ್ಟಿ, ಊಟದ ಜೊತೆಗೆ ಹೊಂದೋದಿಲ್ಲ.

ಅವರ ಮನೇಲಿ ಏನು ಅಡುಗೆ ಅಂದಿರಿ? ಕೊಡಗಿನವರಾ! ಹಾಗಾದರೆ ಪಂದಿಕರಿ ಇದ್ದೇ ಇರುತ್ತೆ, ನಿಮ್ಮ ಕೆಲಸ ಸಲೀಸಾಯ್ತು. ಶಿರಾಜ್ ದ್ರಾಕ್ಷಿಯ ಕೆಂಪು ತಗೊಳ್ಳಿ. ಆ ದ್ರಾಕ್ಷಿಗೆ ಕಾಳುಮೆಣಸಿನ ಘಮ ಇರುತ್ತೆ, ಮೆಣಸಲ್ಲೂ ಇರೋ ಒಂದು ಸಂಯುಕ್ತವೇ ಅದಕ್ಕೆ ಕಾರಣ. ಕೆಂಪಿನ ಒಗರು ಮಾಂಸದ ಕೊಬ್ಬಿನ ಮುಂದೆ ಮೆತ್ತಗಾಗುತ್ತೆ, ಆ ಕರಿಗೆ ಹಾಕೋ ಕಾಚಂಪುಳಿಯ ಹುಳಿಗೂ ಒಗ್ಗುತ್ತೆ. ಕೋರಿ ರೊಟ್ಟಿ ಅಂದಿದ್ದರೆ ನಾನು ಈ ಮಾತು ಹೇಳ್ತಿರಲಿಲ್ಲ. ಅದರ ಮೆಣಸಿನಕಾಯಿ ಖಾರಕ್ಕೆ ಒಗರು, ಹೆಚ್ಚು ಆಲ್ಕೋಹಾಲ್ ಸೇರಿದರೆ ಬಾಯಿ ಇನ್ನಷ್ಟು ಉರಿಯುತ್ತೆ. ಅದಕ್ಕೆ ಚೆನ್ನಾಗಿ ತಂಪಾದ, ನಸು ಸಿಹಿಯ ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನೇ ಸರಿ.

ಅಂಗಡಿಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿ: ಕೈಯಲ್ಲಿ ಇಷ್ಟು ದುಡ್ಡಿದೆ, ಊಟಕ್ಕೆ ಪಂದಿಕರಿ, ಸಿಹಿ ಬೇಡ. ಕಸುಬು ಬಲ್ಲ ಅಂಗಡಿಯವರಿಗೆ ಇಷ್ಟು ಸಾಕು. ಏನೂ ಕೇಳದೆ ದುಬಾರಿಯಾದ್ದನ್ನೇ ಕೈಗಿಟ್ಟರೆ ಇಸವಿ ತೋರಿಸಿ ಅನ್ನಿ. ನಾಲ್ಕೈದು ಜನಕ್ಕೆ 750 ಎಂ.ಎಲ್. ಬಾಟಲಿ ಒಂದೊಂದು ಲೋಟಕ್ಕೆ ಬರುತ್ತೆ, ಹೆಚ್ಚು ಜನ ಇದ್ದರೆ ಎರಡು ತಗೊಳ್ಳಿ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡೀಬೇಕು ಅಂತಾರಲ್ಲ, ಅದು ಚಳಿದೇಶದ ಕೋಣೆಯ ಲೆಕ್ಕ. ಅವರ ಮನೆ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡೋಕೆ ಹೇಳಿ.

ಮತ್ತೆ, ತಿರುಪಿನ ಮುಚ್ಚಳದ ಬಾಟಲಿ ಸಿಕ್ಕರೆ ಅದನ್ನೇ ತಗೊಳ್ಳಿ, ಕಳಪೆ ಅಂದ್ಕೋಬೇಡಿ. ಕಾರ್ಕ್ ತೆಗೆಯೋ ಸಾಮಾನು ಅವರ ಮನೇಲಿ ಇದೆಯೋ ಇಲ್ಲವೋ.