ಭಾನುವಾರದ ನಳಮಹಾರಾಜ

ನಮ್ಮ ಭಾವ ಅಡುಗೆ ಮಾಡುತ್ತಾರೆ ಎಂದರೆ ತಪ್ಪಾದೀತು. ಅವರು ಅಡುಗೆಗೆ ಇಳಿಯುತ್ತಾರೆ. ಅದೂ ತಿಂಗಳಿಗೊಂದು ಭಾನುವಾರ. ಇಳಿಯುವ ಸುದ್ದಿ ಶುಕ್ರವಾರವೇ ನೆಂಟರ ವಾಟ್ಸಾಪ್ ಗುಂಪಿಗೆಲ್ಲ ತಲುಪಿರುತ್ತದೆ: 'ನನ್ನ ಕೈಯಾರೆ ಬಿಸಿಬೇಳೆಬಾತ್. ಎಲ್ಲರೂ ಬನ್ನಿ.' ಇಂಥ ಭಾವ ನಿಮ್ಮ ಬಳಗದಲ್ಲೂ ಒಬ್ಬರಿದ್ದಾರು. ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ಕೆಲಸ, ಐವತ್ತು ದಾಟಿದ ವಯಸ್ಸು, ಹೆಗಲ ಮೇಲೊಂದು ಟವೆಲು, ಮೂಗಿನ ತುದಿಗೆ ಕನ್ನಡಕ.

ನಳ ದಿಟ್ಟಿಸಿ ನೋಡಿದರೆ ಸಾಕು, ಬರಿದಾದ ಕೊಡದಲ್ಲಿ ನೀರು ತುಂಬುತ್ತಿತ್ತಂತೆ. ಹುಲ್ಲು ಹಿಡಿದರೆ ತಾನಾಗಿ ಬೆಂಕಿ ಹೊತ್ತುತ್ತಿತ್ತಂತೆ. ಮಹಾಭಾರತದ ನಳೋಪಾಖ್ಯಾನದಲ್ಲಿ ಹೀಗಿದೆ. ಭಾವನ ಅಡುಗೆಯಲ್ಲೂ ಇದೇ ಪವಾಡ ಕಾಣಬಹುದು. 'ನೀರು' ಅನ್ನುತ್ತಾರೆ, ನೀರು ಬರುತ್ತದೆ. 'ಇಂಗು' ಅನ್ನುತ್ತಾರೆ, ಡಬ್ಬಿಯ ಮುಚ್ಚಳ ತೆಗೆದೇ ಬರುತ್ತದೆ. ವ್ಯತ್ಯಾಸ ಇಷ್ಟೇ, ನಳನ ಹಿಂದೆ ನಮ್ಮ ಅಕ್ಕ ನಿಂತಿರಲಿಲ್ಲ.

ಬಾತಿನ ಪುಡಿ ಅಕ್ಕನ ಡಬ್ಬದಲ್ಲಿ ಯಾವಾಗಲೂ ಇರುತ್ತದೆ. ಅದು ಭಾವನಿಗೆ ಆಗದು. 'ಹೊಸದಾಗಿ ಹುರಿದು ಪುಡಿ ಮಾಡಿದರೇನೇ ಬಾತು ಕಣಯ್ಯ' ಎನ್ನುತ್ತಾರೆ. ಮಾತು ನಿಜವೇ. ಹಾಗಾಗಿ ಶನಿವಾರ ಸಂಜೆ ಗಾಂಧಿಬಜಾರಿಗೆ ಸವಾರಿ. ಗ್ರಂಥಿಗೆ ಅಂಗಡಿಯವನ ಮುಂದೆ ಬ್ಯಾಡಗಿ ಮೆಣಸಿನಕಾಯಿಯನ್ನು ಬೆಳಕಿಗೆ ಹಿಡಿದು, ಸಿಪ್ಪೆ ಸುಕ್ಕುಗಟ್ಟಿದೆಯೇ ಎಂದು ನೋಡುತ್ತಾರೆ. 'ಇದಕ್ಕೆ 2011ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ, ಗೊತ್ತಾ? ಬಣ್ಣ ಜಾಸ್ತಿ, ಖಾರ ಕಡಿಮೆ. ಇದರ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತೆ!' ಅಂಗಡಿಯವನು ಪಾಪ, ಕಾಲು ಕೆಜಿ ತೂಗಿ ಕೊಟ್ಟು, ಹಿಂದಿದ್ದವರನ್ನು 'ನಿಮಗೇನಮ್ಮ?' ಎಂದು ಕೇಳಿದ. ಇಷ್ಟೆಲ್ಲ ಆಗಿ ಮನೆಗೆ ಬಂದರೆ ಮರಾಠಿ ಮೊಗ್ಗನ್ನೇ ತಂದಿಲ್ಲ. ಅಕ್ಕ ಮಾತಾಡದೆ ತನ್ನ ಡಬ್ಬಿಯಿಂದ ನಾಲ್ಕು ತೆಗೆದಿಟ್ಟಳು.

ಹುರಿಯುವ ಘಟ್ಟದಲ್ಲಿ ಮೊಬೈಲಿನ ವಿಡಿಯೊ 'ಹೊಂಬಣ್ಣ ಬರುವವರೆಗೆ' ಎಂದು ಅಪ್ಪಣೆ ಕೊಡಿಸುತ್ತದೆ. ಭಾವ ಬಾಣಲೆ ಹಿಡಿದು, 'ಇವಳೇ, ಹೊಂಬಣ್ಣ ಅಂದ್ರೆ ಇದೇನಾ ನೋಡು' ಎಂದು ಕೂಗುತ್ತಾರೆ. ಅಕ್ಕ ಬಂದು ನೋಡುತ್ತಾಳೆ. ಕಡಲೆಬೇಳೆ, ಉದ್ದಿನಬೇಳೆ, ಧನಿಯ, ಮೆಂತ್ಯ, ಗಸಗಸೆ, ಕೊಬ್ಬರಿ ಎಲ್ಲ ಒಟ್ಟಿಗೆ ದೊಡ್ಡ ಉರಿಯ ಮೇಲೆ. ಕಡಲೆಬೇಳೆ ಇನ್ನೂ ಹಸಿ, ಗಸಗಸೆ ಆಗಲೇ ಕಪ್ಪು. ಮೆಂತ್ಯ ಸೀದರೆ ಇಡೀ ಪುಡಿ ಕಹಿ. ಅಕ್ಕ ಅದನ್ನೆಲ್ಲ ಒಂದು ತಟ್ಟೆಗೆ ಸುರಿದು, ಸಣ್ಣ ಉರಿ ಮಾಡಿ, ಬೇಳೆಗಳಿಂದ ಹೊಸದಾಗಿ ಶುರುಮಾಡುತ್ತಾಳೆ. ಗಸಗಸೆ, ಕೊಬ್ಬರಿಗೆ ಒಲೆ ಆರಿಸಿದ ಮೇಲೆ ಉಳಿದ ಬಾಣಲೆಯ ಬಿಸಿಯೇ ಸಾಕು. ಭಾವ ಪಕ್ಕದಲ್ಲಿ ನಿಂತು, 'ಹಾಂ, ಹೀಗೇ, ನಾನು ಹೇಳಿದ್ದೂ ಇದನ್ನೇ' ಎನ್ನುತ್ತಾರೆ.

ತರಕಾರಿಯ ವಿಷಯದಲ್ಲಿ ಅವರದು ಮೇಲ್ವಿಚಾರಣೆ ಮಾತ್ರ. ಬೀನ್ಸು, ಕ್ಯಾರೆಟ್ಟು, ನವಿಲುಕೋಸು ಎಲ್ಲವೂ ಒಂದೇ ಅಳತೆ ಇರಬೇಕು, ಬೇಯುವುದು ಸಮನಾಗುತ್ತದೆ. ಹೆಚ್ಚುವವನು ನಾನು.

ಆಮೇಲೆ ಕುಕ್ಕರು. ಭಾವನ ಕುಕ್ಕರ್ 1679ರಿಂದ ಶುರುವಾಗುತ್ತದೆ. ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್, ಲಂಡನ್ನಿನ ರಾಯಲ್ ಸೊಸೈಟಿ, ಹಬೆ ಹೊರಹೋಗುವ ಕವಾಟ, ಒಳಗೆ 120 ಡಿಗ್ರಿ ಶಾಖ... ಪಾಪಿನ್ ಕವಾಟ ಜೋಡಿಸುವ ಹೊತ್ತಿಗೆ ಎಷ್ಟು ವಿಷಲ್ ಆಯಿತೆಂಬ ಲೆಕ್ಕ ನಮಗಿಬ್ಬರಿಗೂ ತಪ್ಪಿತ್ತು. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಅಕ್ಕ, 'ನಾಲ್ಕಾಯ್ತು, ಆರಿಸ್ರೀ!' ಎಂದಳು. ಕುಕ್ಕರಿಗೆ ಭಾವ ಹಿಡಿದಿದ್ದ ಬೋರ್ ನೀರನ್ನು ಚೆಲ್ಲಿ ಕಾವೇರಿ ನೀರು ಹಾಕಿದವಳೂ ಅವಳೇ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ.

'ಹುಳಿ ಮೊದಲೇ ಹಾಕಬಾರದು ಕಣಯ್ಯ. ಆಮ್ಲ ಇದ್ದರೆ ಬೇಳೆಯೊಳಗಿನ ಪೆಕ್ಟಿನ್ ಕರಗಲ್ಲ. ಇದು ಎಷ್ಟು ಜನಕ್ಕೆ ಗೊತ್ತು?'

'ಅದಕ್ಕೇ ಅಲ್ವೇನ್ರೀ ಹುಣಸೆ ನೆನೆಸಿ ಆ ಕಡೆ ಇಟ್ಟಿರೋದು' ಎಂದು ಅಕ್ಕ ಬಟ್ಟೆ ಒಣಹಾಕಲು ಮಹಡಿ ಹತ್ತಿದಳು.

ಇಷ್ಟರಲ್ಲಿ ತೊಟ್ಟಿ ತುಂಬಿತ್ತು. ಒಂದು ಬಾತಿಗೆ ಭಾವ ಎಳೆದ ಪಾತ್ರೆಗಳಲ್ಲಿ ಚಿಕ್ಕದೊಂದು ಮುಂಜಿ ಮುಗಿಸಬಹುದು. ಚಮಚ ಒಂದು ಸಲ ಬಳಸಿದರೆ ಅವರಿಗೆ ಅದು ಮೈಲಿಗೆ.

ಬಾತು ಒಲೆಯ ಮೇಲೆ ಹದವಾಗಿ ಕಂಡಿತು. ಫೋಟೊ ಆಯಿತು. ನೆಂಟರು ಬರುವುದು ಅರ್ಧ ಗಂಟೆ ತಡವಾಯಿತು. ಬಿಸಿಬೇಳೆಬಾತ್ ಆರುತ್ತಾ ಬಿಗಿಯುವ ಪದಾರ್ಥ, ಇಳಿಸುವಾಗ ಸಾರಿನಷ್ಟು ಸಡಿಲ ಇರಬೇಕು ಎಂದು ವಿಡಿಯೊದವನು ಹೇಳಿರಲಿಲ್ಲವೋ, ಭಾವ ಅದನ್ನು ಓಡಿಸಿ ನೋಡಿದ್ದರೋ. ಸೌಟು ನೆಟ್ಟರೆ ನಿಲ್ಲುತ್ತಿತ್ತು. ಎಲೆ ಹಾಕುವಷ್ಟರಲ್ಲಿ ಅಕ್ಕ ಅದಕ್ಕೆ ಕುದಿನೀರು, ಉಪ್ಪು, ಚೂರು ಬೆಲ್ಲ, ಒಂದು ಸೌಟು ತುಪ್ಪ ಸೇರಿಸಿ ತಿರುವಿ ಮುಚ್ಚಿಟ್ಟಿದ್ದಳು. ಮೇಲೆ ಖಾರಾಬೂಂದಿ.

'ಏನು ಕೈರುಚಿ ರೀ ನಿಮ್ಮದು! ಇವರಿಗಂತೂ ಕಾಫಿ ಬೆರೆಸೋಕೂ ಬರಲ್ಲ' ಎಂದು ಬಂದವರಲ್ಲೊಬ್ಬರು ತಮ್ಮ ಯಜಮಾನರನ್ನು ನೋಡಿದರು. ಯಜಮಾನರು ಎಲೆ ನೋಡಿದರು. 'ನೀನು ಪುಣ್ಯವಂತೆ ಕಣೇ' ಎಂದು ಅಕ್ಕನಿಗೂ ಒಂದು ಮಾತು ಸಿಕ್ಕಿತು; ಅವಳು ಆಗ ಮಜ್ಜಿಗೆ ಬಡಿಸುತ್ತಿದ್ದಳು. ನಾನೂ ಭಾವನನ್ನೇ ಹೊಗಳಿದೆ. ಮೂರನೇ ಸಲ ಬಡಿಸಿಕೊಳ್ಳುತ್ತಿರುವವನು ಇನ್ನೇನು ಮಾಡಿಯಾನು?

ಹೊಗಳಿಕೆಯ ಬಿಸಿಗೆ ಭಾವ ಉಬ್ಬಿಹೋದರು. 'ಇನ್ನು ಮೇಲೆ ವಾರವಾರವೂ ಭಾನುವಾರ ನಂದೇ ಅಡುಗೆ. ಮುಂದಿನ ವಾರ ಹಾಗಲಕಾಯಿ ಗೊಜ್ಜು, ಮೈಸೂರುಪಾಕು. ಅಡುಗೆಮನೆ ಕಡೆ ಇವಳು ತಲೆ ಹಾಕೋದೇ ಬೇಡ!'

'ಒಳ್ಳೇದಾಯ್ತು' ಎಂದಳು ಅಕ್ಕ. 'ಹಾಗಾದ್ರೆ ಶನಿವಾರವೇ ತುಮಕೂರಿಗೆ ಹೋಗಿ ಅಮ್ಮನ ಜೊತೆ ಎರಡು ದಿನ ಇದ್ದು ಬರ್ತೀನಿ.'

ಭಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

'ಭಾನುವಾರಾನಾ? ಹಾಗಾದ್ರೆ ಊಟಕ್ಕೇನೇ ಮಾಡೋದು?'